ಅದೇ ಮಾನಿಟರ್, ಅದೇ ಕೇಬಲ್: ಹೊಸ ಲಿನಕ್ಸ್‌ನಲ್ಲಿ ಮಾತ್ರ ಅಕ್ಷರಗಳೇಕೆ ಅಗಲ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರಲ್ಲಿ ಜೆರಾಕ್ಸ್ ಮಾಡುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಕಂಪ್ಯೂಟರ್ ಇಂಟೆಲ್ ಐ3, ನಾಲ್ಕನೆಯ ತಲೆಮಾರಿನದು. ಮಾನಿಟರ್ 18.5 ಇಂಚಿನದು, ಹಿಂದೆ ನೀಲಿ ಬಣ್ಣದ ವಿಜಿಎ ಕಿಂಡಿ ಒಂದೇ ಇದೆ. ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡೆ. ಮುದ್ರಣ, ಸ್ಕ್ಯಾನ್, ಇಂಟರ್ನೆಟ್ ಎಲ್ಲವೂ ಸರಿಯಿವೆ. ಆದರೆ ಪರದೆ 1024×768 ಬಿಟ್ಟು ಮೇಲೇರುವುದಿಲ್ಲ. ಮೊದಲು 1366×768 ಇತ್ತು. ಈಗ ಅಕ್ಷರಗಳೆಲ್ಲ ಚಪ್ಪಟೆಯಾಗಿ ಹರಡಿಕೊಂಡಿವೆ, ಅರ್ಜಿಯ ಬಲಗಡೆಯ ಕಾಲಂ ನೋಡಲು ಪುಟವನ್ನು ಪಕ್ಕಕ್ಕೆ ಸರಿಸಬೇಕು. ಎರಡು ಸಲ ಅಳಿಸಿ ಹೊಸದಾಗಿ ಹಾಕಿದ್ದಾಯಿತು. ಒಬ್ಬರು ಗ್ರಾಫಿಕ್ಸ್ ಕಾರ್ಡ್ ಕೊಳ್ಳಿ ಎನ್ನುತ್ತಾರೆ. ಕೇಬಲ್ ಮೇಲೆ ಅನುಮಾನವಿಲ್ಲ, ಏಕೆಂದರೆ ವಿಂಡೋಸ್‌ನಲ್ಲಿ ಇದೇ ಕೇಬಲ್ ಕೆಲಸ ಮಾಡುತ್ತಿತ್ತು. ಟರ್ಮಿನಲ್‌ನಲ್ಲಿ (ಆಜ್ಞೆ ಬರೆದು ಕೊಡುವ ಕಿಟಕಿ) ಬಂದದ್ದರ ಫೋಟೊ ಕಳುಹಿಸಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ಎರಡು ವಿನಂತಿ. ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ. ಮೂರನೆಯ ಸಲ ಅಳಿಸಿ ಹಾಕಬೇಡಿ. ನೀವು ಕಳುಹಿಸಿದ ಫೋಟೊದ ಒಂದೇ ಸಾಲಿನಲ್ಲಿ ಬೇಕಾದದ್ದು ಮುಕ್ಕಾಲು ಪಾಲು ಇದೆ. ಅದನ್ನು ಒಟ್ಟಿಗೆ ಓದೋಣ.

ಟರ್ಮಿನಲ್‌ನಲ್ಲಿ ನೀವು ಎಕ್ಸ್‌ರಾಂಡರ್ ಎಂಬ ಆಜ್ಞೆ ಕೊಟ್ಟಿದ್ದೀರಿ. (ಇತರ ಓದುಗರಿಗಾಗಿ: ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರು ಇಂಗ್ಲಿಷ್ ಸಣ್ಣಕ್ಷರಗಳನ್ನು ನಡುವೆ ಜಾಗ ಬಿಡದೆ ಒತ್ತಿ ಎಂಟರ್ ಕೊಟ್ಟರೆ ಆಯಿತು.) ಬಂದ ಉತ್ತರದಲ್ಲಿ ವಿಜಿಎ-1 ಎಂಬ ಹೆಸರಿದೆ, ಅದರ ಮುಂದೆ ಕನೆಕ್ಟೆಡ್ ಎಂದಿದೆ, ಆಮೇಲೆ 1024×768 ಎಂದಿದೆ. ಸಾಲಿನ ತುದಿಯಲ್ಲಿ ಎಲ್ಲರೂ ಕಣ್ಣು ಹಾಯಿಸದೆ ಬಿಟ್ಟುಬಿಡುವ ಒಂದು ಮಾತಿದೆ: 0 ಎಂಎಂ × 0 ಎಂಎಂ.

ಅಳತೆಪಟ್ಟಿ ಹಿಡಿದು ನಿಮ್ಮ ಮಾನಿಟರಿನ ಪರದೆಯನ್ನು ಅಳೆಯಿರಿ. 18.5 ಇಂಚಿನದಾದ್ದರಿಂದ ಅಗಲ ಸುಮಾರು 410 ಮಿಲಿಮೀಟರ್, ಎತ್ತರ ಸುಮಾರು 230 ಮಿಲಿಮೀಟರ್ ಇರುತ್ತದೆ. ಸಾಲಿನ ತುದಿಯಲ್ಲಿ ಬರಬೇಕಾಗಿದ್ದದ್ದು ಅದೇ ಅಂಕಿ. ನಿಮ್ಮ ಕಂಪ್ಯೂಟರಿನ ಪಾಲಿಗೆ ಮಾನಿಟರಿನ ಅಗಲವೂ ಸೊನ್ನೆ, ಎತ್ತರವೂ ಸೊನ್ನೆ. ಆ ತುದಿಯಲ್ಲಿ ಏನೋ ಒಂದು ಪರದೆ ಇದೆ ಎಂದಷ್ಟೇ ಅದಕ್ಕೆ ಗೊತ್ತು. ಎಷ್ಟು ದೊಡ್ಡದು, ಯಾವ ಆಕಾರದ್ದು ಎಂದು ಗೊತ್ತಿಲ್ಲ.

ಮಾನಿಟರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ಏರ್ಪಾಡು ಇದೆ. ಪ್ರತಿಯೊಂದು ಮಾನಿಟರಿನೊಳಗೂ ಒಂದು ಪುಟ್ಟ ಚಿಪ್‌ನಲ್ಲಿ ಇಡಿಐಡಿ ಎಂಬ ದಾಖಲೆ ಇರುತ್ತದೆ. ಅದರ ಮೂಲಭಾಗ 128 ಬೈಟ್, ಅಂದರೆ ಒಂದು ಎಸ್‌ಎಂಎಸ್‌ಗಿಂತಲೂ ಚಿಕ್ಕದು. ಅಷ್ಟರಲ್ಲೇ ತಯಾರಕರ ಗುರುತು, ತಯಾರಾದ ವರ್ಷ, ಪರದೆಯ ಉದ್ದಗಲ, ಯಾವ ರೆಸಲ್ಯೂಷನ್ (ಅಗಲಕ್ಕೆ ಎಷ್ಟು ಚುಕ್ಕಿ, ಎತ್ತರಕ್ಕೆ ಎಷ್ಟು ಚುಕ್ಕಿ) ತನಗೆ ಹೊಂದುತ್ತದೆ ಎಂಬ ವಿವರ ಎಲ್ಲವೂ ಅಡಕವಾಗಿವೆ. ದರ್ಜಿಯ ಅಂಗಡಿಯ ಅಳತೆ ಚೀಟಿಯ ಹಾಗೆ ಎಂದುಕೊಳ್ಳಿ. ಕಂಪ್ಯೂಟರ್ ಶುರುವಾದಾಗ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರವನ್ನು ನೋಡಿಕೊಳ್ಳುವ ತಂತ್ರಾಂಶ) ಈ ಚೀಟಿಯನ್ನು ಕೇಳಿ ತರಿಸಿಕೊಳ್ಳುತ್ತದೆ, ಅದರಂತೆ ಚಿತ್ರವನ್ನು ಹೊಲಿದು ಕಳುಹಿಸುತ್ತದೆ. ಚೀಟಿ ಬರದಿದ್ದರೆ ಲಿನಕ್ಸ್ ಊಹೆಗೆ ಇಳಿಯುವುದಿಲ್ಲ. ಬಹುಮಟ್ಟಿಗೆ ಎಲ್ಲ ಮಾನಿಟರುಗಳಿಗೂ ಒಗ್ಗುವ 1024×768ಕ್ಕೆ ನಿಂತುಬಿಡುತ್ತದೆ. ಇದನ್ನು ಹೇಳುವುದು ಯಾಕೆಂದರೆ, ನಿಮ್ಮ ಪರದೆಯ ಮೇಲಿರುವ ಆ ಅಂಕಿ ಆಕಸ್ಮಿಕವಲ್ಲ. ಚೀಟಿ ಬರಲಿಲ್ಲ ಎಂದು ಲಿನಕ್ಸ್ ಹೇಳುವ ರೀತಿ ಅದು.

ಅಕ್ಷರಗಳು ಎಷ್ಟು ಹರಡಿಕೊಂಡಿವೆ ಎಂಬುದಕ್ಕೂ ಲೆಕ್ಕವಿದೆ. ನಿಮ್ಮ ಪರದೆಯಲ್ಲಿ ಎತ್ತರಕ್ಕೆ 768 ಚುಕ್ಕಿಗಳಿವೆ, ಕಂಪ್ಯೂಟರ್ ಕಳುಹಿಸುತ್ತಿರುವುದೂ 768, ಅಲ್ಲಿ ತೊಂದರೆಯಿಲ್ಲ. ಅಗಲಕ್ಕೆ 1366 ಇರುವಲ್ಲಿ ಬರುತ್ತಿರುವುದು 1024. ಆ 1024 ಚುಕ್ಕಿಗಳನ್ನು ಮಾನಿಟರ್ ತನ್ನ ಅಗಲಕ್ಕೆಲ್ಲ ಎಳೆದು ಹಾಸುತ್ತದೆ. ಅಂದರೆ ಪ್ರತಿ ಅಕ್ಷರವೂ ಮೂರನೇ ಒಂದರಷ್ಟು ಹೆಚ್ಚು ಅಗಲ. ಇದನ್ನು ಪರೀಕ್ಷಿಸಲು ಕನ್ನಡದವರಿಗೆ ಒಳ್ಳೆಯ ಸಾಧನ ಕೈಯಲ್ಲೇ ಇದೆ. ಒಂದು ಕಡತ ತೆರೆದು ಠ ಅಕ್ಷರವನ್ನು ದೊಡ್ಡದಾಗಿ ಬರೆಯಿರಿ, 72 ಪಾಯಿಂಟ್‌ನಲ್ಲಿ. ರೆಸಲ್ಯೂಷನ್ ಸರಿಯಿದ್ದರೆ ಅದು ದುಂಡಗೆ ಬಳೆಯ ಹಾಗೆ ಇರುತ್ತದೆ. ಈಗ ನಿಮ್ಮಲ್ಲಿ ಅದು ಮಲಗಿಸಿಟ್ಟ ಮೊಟ್ಟೆಯಂತೆ ಕಾಣುತ್ತಿರಬೇಕು. ರೋಮನ್ ಲಿಪಿಯಲ್ಲಿ ಗೆರೆಗಳೇ ಹೆಚ್ಚಾದ್ದರಿಂದ ಈ ಹಿಗ್ಗುವಿಕೆ ಹಲವರ ಕಣ್ಣಿಗೆ ಬೀಳುವುದೇ ಇಲ್ಲ. ದುಂಡಗಿನ ನಮ್ಮ ಲಿಪಿ ಕೂಡಲೇ ಹೇಳಿಬಿಡುತ್ತದೆ. ಒತ್ತಕ್ಷರಗಳಂತೂ ಇನ್ನೂ ನಾಜೂಕು: ಷ್ಟ್ರ, ಕ್ಷ್ಮಿ ಇವುಗಳ ಕೆಳಗಿನ ಭಾಗ ಮಸುಕಾಗಿ ಕಲೆಯಂತೆ ಕಾಣುತ್ತದೆ. ದಿನಕ್ಕೆ ಹತ್ತಾರು ಜನರ ಹೆಸರು, ತಂದೆಯ ಹೆಸರು, ಊರಿನ ಹೆಸರು ತುಂಬುವವರು ನೀವು. ಒಂದು ಒತ್ತು ತಪ್ಪಿದರೆ ಅರ್ಜಿದಾರರು ತಿದ್ದುಪಡಿಗಾಗಿ ಅಲೆಯಬೇಕಾಗುತ್ತದೆ. ಆದ್ದರಿಂದ ಇದನ್ನು ‘ಹೇಗೋ ನಡೆಯುತ್ತದೆ’ ಎಂದು ಬಿಡುವ ವಿಷಯವೆಂದು ನಾನು ಎಣಿಸುವುದಿಲ್ಲ.

ಈಗ ನಿಮ್ಮ ಬಲವಾದ ವಾದಕ್ಕೆ ಬರುತ್ತೇನೆ: ವಿಂಡೋಸ್‌ನಲ್ಲಿ ಇದೇ ಕೇಬಲ್ ಸರಿಯಾಗಿ ಕೆಲಸ ಮಾಡುತ್ತಿತ್ತು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಲೆಕ್ಕವಿಟ್ಟಿಲ್ಲ. ನೋಡಿದ್ದನ್ನೇ ನೀವು ಹೇಳುತ್ತಿದ್ದೀರಿ, ಅದರಲ್ಲಿ ತಪ್ಪಿಲ್ಲ. ಆದರೆ ಅದರಿಂದ ಕೇಬಲ್ ಸರಿಯಿದೆ ಎಂದು ಸಾಬೀತಾಗುವುದಿಲ್ಲ. ಅಳತೆ ಚೀಟಿ ಸಿಗದ ಮಾನಿಟರನ್ನು ವಿಂಡೋಸ್ ‘ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್’ ಎಂದು ಕರೆಯುತ್ತದೆ. ಇಂಥ ಮಾನಿಟರಿಗೂ ಅದು ರೆಸಲ್ಯೂಷನ್‌ಗಳ ಉದ್ದನೆಯ ಪಟ್ಟಿಯನ್ನು ಮುಂದಿಡುತ್ತದೆ, ಅದರಲ್ಲಿ ಒಂದನ್ನು ನೀವೇ ಆರಿಸಿಕೊಳ್ಳಬಹುದು. ಯಂತ್ರವನ್ನು ಅಂಗಡಿಗೆ ತಂದು ಜೋಡಿಸಿದವರು ಆ ದಿನ 1366×768 ಎಂದು ಆರಿಸಿ ಹೋಗಿರಬಹುದು. ವಿಂಡೋಸ್ ಅದನ್ನು ನೆನಪಿಟ್ಟುಕೊಂಡಿತು, ವರ್ಷಗಟ್ಟಲೆ ಯಾರೂ ಆ ಕಡೆ ನೋಡಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ದಿನ ಆ ನೆನಪು ಅಳಿಸಿಹೋಯಿತು, ಬಹಳ ಕಾಲದಿಂದ ಇದ್ದ ದೋಷ ಹೊರಬಿತ್ತು. ಲಿನಕ್ಸ್ ಹೊಸದಾಗಿ ಏನನ್ನೂ ಕೆಡಿಸಿಲ್ಲ. ನಿಮ್ಮ ಯಂತ್ರದಲ್ಲಿ ಹೀಗೇ ನಡೆದಿರಬೇಕು ಎಂದು ಆ ಸೊನ್ನೆಗಳನ್ನು ನೋಡಿ ಹೇಳುತ್ತಿದ್ದೇನೆ. ಖಚಿತ ಮಾಡಿಕೊಳ್ಳಲು ಐದು ನಿಮಿಷ ಸಾಕು.

ಕಂಪ್ಯೂಟರನ್ನು ಆಫ್ ಮಾಡಿ. ಮಾನಿಟರಿನ ವಿಜಿಎ ಕೇಬಲ್ಲನ್ನು ಬಿಚ್ಚಿ, ಅದರ ತುದಿಯನ್ನು ಬೆಳಕಿಗೆ ಹಿಡಿಯಿರಿ. ಮೊಬೈಲಿನ ಟಾರ್ಚ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಅಗಲವಾದ ಬದಿ ಮೇಲಕ್ಕಿರಲಿ. ಮೂರು ಸಾಲು, ಸಾಲಿಗೆ ಐದರಂತೆ ಹದಿನೈದು ಸೂಜಿಗಳಂಥ ಪಿನ್‌ಗಳು ಕಾಣುತ್ತವೆ. ಮೇಲಿನ ಸಾಲಿನ ಎಡಗಡೆಯ ಮೂರು ಪಿನ್‌ಗಳು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಹೊರುತ್ತವೆ. ಅವುಗಳಲ್ಲಿ ಒಂದು ಹೋದರೆ ಪರದೆಯೆಲ್ಲ ಹಳದಿಗೋ ಗುಲಾಬಿಗೋ ತಿರುಗುತ್ತದೆ. ಕೆಳಗಿನ ಸಾಲಿನ ಮೂರನೆಯದು ಮತ್ತು ನಾಲ್ಕನೆಯದು ಚಿತ್ರವನ್ನು ಸ್ಥಿರವಾಗಿ ನಿಲ್ಲಿಸುವ ಸಂಕೇತಗಳವು. ಅವು ಹೋದರೆ ಚಿತ್ರವೇ ನಿಲ್ಲುವುದಿಲ್ಲ. ಅದೇ ಕೆಳಗಿನ ಸಾಲಿನ ಎರಡನೆಯ ಪಿನ್ ಮತ್ತು ಕೊನೆಯ ಪಿನ್, ಲೆಕ್ಕದಲ್ಲಿ 12 ಮತ್ತು 15, ಇವೇ ಅಳತೆ ಚೀಟಿಯನ್ನು ಹೊತ್ತು ತರುವವು. ಇವೆರಡರಲ್ಲಿ ಒಂದು ಬಾಗಿದರೂ ಮುರಿದರೂ ಬಣ್ಣ ಸರಿಯಾಗಿರುತ್ತದೆ, ಚಿತ್ರ ಸರಿಯಾಗಿ ನಿಲ್ಲುತ್ತದೆ, ಮಾನಿಟರಿನ ಪರಿಚಯ ಮಾತ್ರ ತಲುಪುವುದಿಲ್ಲ. ನಿಮ್ಮ ಲಕ್ಷಣವೂ ಅದೇ.

ನಡುವಿನ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿಯಾಗಬೇಡಿ. ಅದು 9ನೆಯ ಪಿನ್, ಮಾನಿಟರಿನ ಚಿಪ್‌ಗೆ 5 ವೋಲ್ಟ್ ವಿದ್ಯುತ್ ಕೊಡಲು ಮೀಸಲಾದದ್ದು. ಎಷ್ಟೋ ಕೇಬಲ್‌ಗಳಲ್ಲಿ ಅದು ಮೊದಲಿನಿಂದಲೇ ಇರುವುದಿಲ್ಲ, ಬಹಳಷ್ಟು ಮಾನಿಟರುಗಳು ಅದಿಲ್ಲದೆಯೂ ಚೀಟಿ ಕೊಡುತ್ತವೆ.

ನಾನೇ ಪೆಟ್ಟು ತಿಂದು ಕಲಿತ ಪಾಠ ಇದು. ಒಂದು ಶಾಲೆಯ ಪ್ರಯೋಗಾಲಯದಲ್ಲಿ ಹತ್ತು ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿದ್ದೆವು. ಒಂಬತ್ತು ಸರಿಯಾಗಿ ಬಂದವು, ಹತ್ತನೆಯದು 1024ಕ್ಕೆ ನಿಂತುಕೊಂಡಿತು. ಎಲ್ಲವೂ ಒಂದೇ ಮಾದರಿಯ ಯಂತ್ರಗಳು, ಒಂದೇ ಪೆನ್‌ಡ್ರೈವ್‌ನಿಂದ ಹಾಕಿದವು. ಎರಡು ದಿನ ಡ್ರೈವರ್ ಹುಡುಕಿದೆ, ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಿಸಿದೆ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನೊಳಗೆ ಹೊಕ್ಕು ಬಂದೆ. ಎರಡನೆಯ ದಿನ ಸಂಜೆ ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಸರ್, ಪಕ್ಕದ ಮಾನಿಟರಿನ ವೈರು ಇದಕ್ಕೆ ಹಾಕಿ ನೋಡಬಾರದೇ?’ ಎಂದು ಕೇಳಿದಳು. ಹಾಕಿದೆವು. ಯಂತ್ರ ಮತ್ತೆ ಶುರುವಾದಾಗ ಪರದೆ ತಾನಾಗಿಯೇ 1366ಕ್ಕೆ ತೆರೆದುಕೊಂಡಿತು. ಹಳೆಯ ಕೇಬಲ್ಲಿನ 12ನೆಯ ಪಿನ್ ಒಳಗೆ ಮಡಚಿಕೊಂಡು ಪಕ್ಕದ ಪಿನ್ನಿಗೆ ಒರಗಿ ಕೂತಿತ್ತು. ಅಂದಿನಿಂದ ಪರದೆಯ ತಕರಾರು ಬಂದಾಗ ನಾನು ಕೀಲಿಮಣೆಗಿಂತ ಮೊದಲು ಕೇಬಲ್ ಮುಟ್ಟುತ್ತೇನೆ.

ನೀವೂ ಹಾಗೆಯೇ ಮಾಡಿ. ಪಿನ್ ಬಾಗಿದ್ದರೆ ಸಣ್ಣ ಇಕ್ಕಳದಿಂದಲೋ ಖಾಲಿ ರೀಫಿಲ್ಲಿನ ತುದಿಯಿಂದಲೋ ಮೆಲ್ಲಗೆ ನೇರ ಮಾಡಬಹುದು. ಆದರೆ ಒಮ್ಮೆ ಬಾಗಿದ ಪಿನ್ ಎರಡನೆಯ ಸಲ ಮುರಿಯುತ್ತದೆ, ಆದ್ದರಿಂದ ಅದನ್ನು ತಾತ್ಕಾಲಿಕ ಎಂದೇ ತಿಳಿಯಿರಿ. ಪಿನ್‌ಗಳೆಲ್ಲ ನೆಟ್ಟಗಿದ್ದರೂ ತೀರ್ಮಾನಕ್ಕೆ ಬರಬೇಡಿ. ಅಗ್ಗದ ಕೇಬಲ್‌ಗಳಲ್ಲಿ ಪಿನ್ ಇದ್ದು ಒಳಗೆ ತಂತಿಯೇ ಇಲ್ಲದಿರುವುದನ್ನು ನೋಡಿದ್ದೇನೆ. ಅಕ್ಕಪಕ್ಕದ ಅಂಗಡಿಯಿಂದ ಅರ್ಧ ಗಂಟೆಗೆ ಇನ್ನೊಂದು ವಿಜಿಎ ಕೇಬಲ್ ಕೇಳಿ ತಂದು ಹಾಕಿ, ಯಂತ್ರ ಶುರುಮಾಡಿ, ಮತ್ತೆ ಅದೇ ಎಕ್ಸ್‌ರಾಂಡರ್ ಆಜ್ಞೆ ಕೊಡಿ. ಸೊನ್ನೆಯಿದ್ದ ಜಾಗದಲ್ಲಿ 410 ಮತ್ತು 230ರ ಆಸುಪಾಸಿನ ಅಂಕಿ ಬಂದರೆ, 1366×768ರ ಮುಂದೆ ಅಧಿಕ ಚಿಹ್ನೆ ಕಂಡರೆ, ಕೆಲಸ ಮುಗಿಯಿತು. ಅಧಿಕ ಚಿಹ್ನೆ ಎಂದರೆ ‘ನನಗೆ ಇದು ಇಷ್ಟ’ ಎಂದು ಮಾನಿಟರ್ ಹೇಳಿದ್ದು. ನಕ್ಷತ್ರ ಚಿಹ್ನೆ ಎಂದರೆ ‘ಈಗ ಇದು ನಡೆಯುತ್ತಿದೆ’ ಎಂದು ಕಂಪ್ಯೂಟರ್ ಹೇಳಿದ್ದು. ಎರಡೂ ಒಂದೇ ಸಾಲಿನಲ್ಲಿರಬೇಕು.

ಕೇಬಲ್ ಬದಲಿಸಿದರೂ ಸೊನ್ನೆ ಹೋಗದಿದ್ದರೆ ಮಧ್ಯದಲ್ಲಿ ಬೇರೆ ಏನಾದರೂ ಇದೆಯೇ ನೋಡಿ: ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪುಟ್ಟ ಡಬ್ಬಿ, ಎರಡು ಕಂಪ್ಯೂಟರಿಗೆ ಒಂದೇ ಮಾನಿಟರ್ ಹಂಚುವ ಸ್ವಿಚ್, ಉದ್ದ ಹೆಚ್ಚಿಸಲು ಸೇರಿಸಿದ ಇನ್ನೊಂದು ಕೇಬಲ್. ಇವುಗಳಲ್ಲಿ ಯಾವುದೇ ಒಂದು ಚೀಟಿಯನ್ನು ನುಂಗಿಬಿಡಬಹುದು. ಅವನ್ನೆಲ್ಲ ತೆಗೆದು ನೇರವಾಗಿ ಜೋಡಿಸಿ ನೋಡಿ. ಆಗಲೂ ಸೊನ್ನೆಯೇ ಎಂದರೆ ಮಾನಿಟರಿನೊಳಗಿನ ಚಿಪ್ಪೇ ಕೆಟ್ಟಿರಬೇಕು, ಆಗ ಮುಂದೆ ಹೇಳುವ ಕೈಯಾರೆ ಮಾಡುವ ದಾರಿಯೇ ಶಾಶ್ವತ ಪರಿಹಾರ.

ಗ್ರಾಫಿಕ್ಸ್ ಕಾರ್ಡ್ ಬೇಡವೆಂದು ಯಾಕೆ ಅಷ್ಟು ಖಚಿತವಾಗಿ ಹೇಳಿದೆ? ನಾಲ್ಕನೆಯ ತಲೆಮಾರಿನ ಐ3ಯೊಳಗೇ ಇಂಟೆಲ್‌ನ ಗ್ರಾಫಿಕ್ಸ್ ಇದೆ. 1366×768 ಎಂದರೆ ಹತ್ತು ಲಕ್ಷ ಚುಕ್ಕಿಗಳಿಗಿಂತ ಸ್ವಲ್ಪ ಹೆಚ್ಚು. ಅದರ ಎರಡರಷ್ಟಾಗುವ 1920×1080 ಅನ್ನೂ ಆ ಚಿಪ್ ಸಲೀಸಾಗಿ ಹೊರುತ್ತದೆ. ಅದಕ್ಕೆ ಬೇಕಾದ ಐ915 ಎಂಬ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿಯೇ ಸೇರಿದೆ, ಎಲ್ಲಿಂದಲೂ ಇಳಿಸಿಕೊಳ್ಳಬೇಕಾಗಿಲ್ಲ. ಆ ಡ್ರೈವರ್ ಕೆಲಸ ಮಾಡುತ್ತಿದೆ ಎನ್ನಲು ಸಾಕ್ಷಿಯೂ ನಿಮ್ಮ ಫೋಟೊದಲ್ಲೇ ಇದೆ: ವಿಜಿಎ-1 ಎಂಬ ಹೆಸರು. ಡ್ರೈವರ್ ಓಡದಿದ್ದರೆ ಅಲ್ಲಿ ‘ಡಿಫಾಲ್ಟ್’ ಎಂದೋ ‘ನನ್-1’ ಎಂದೋ ಹೆಸರಿರುತ್ತದೆ, ಕೆಳಗೆ ಒಂದೇ ಒಂದು ರೆಸಲ್ಯೂಷನ್ ಇರುತ್ತದೆ. ಹೊಸ ಕಾರ್ಡಿಗೂ ಇದೇ ಮುರಿದ ಕೇಬಲ್ ಚುಚ್ಚಿದರೆ ಅದಕ್ಕೂ ಚೀಟಿ ಸಿಗುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಅದೇ ಜಾಗದಲ್ಲಿ ನಿಂತಿರುತ್ತೀರಿ.

ಹೊಸ ಕೇಬಲ್ ಬರುವವರೆಗೆ ಅಂಗಡಿ ನಡೆಯಬೇಕಲ್ಲ. ಚೀಟಿ ಬರದಿದ್ದರೆ ಅಳತೆಯನ್ನು ನಾವೇ ಹೇಳಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ, ಹಲವರು ಎಡವುವುದೂ ಇಲ್ಲಿಯೇ. ಇಂಟರ್ನೆಟ್ಟಿನಲ್ಲಿ ಎಲ್ಲೆಡೆ ಹೇಳುವುದು ಸಿವಿಟಿ ಎಂಬ ಆಜ್ಞೆಗೆ 1366 768 ಎಂದು ಕೊಡಿ, ಬಂದ ಸಾಲನ್ನು ಬಳಸಿ ಎಂದು. ಕೊಟ್ಟು ನೋಡಿ: ಅದು 1366ರ ಬದಲು 1368 ಎಂದು ಉತ್ತರಿಸುತ್ತದೆ. ಅದರ ಸೂತ್ರದಲ್ಲಿ ಅಗಲ ಯಾವಾಗಲೂ 8ರಿಂದ ಭಾಗವಾಗಬೇಕು. 1366 ಭಾಗವಾಗುವುದಿಲ್ಲ, 1368 ಭಾಗವಾಗುತ್ತದೆ. ಆ ಎರಡು ಚುಕ್ಕಿಗಳ ಹೆಚ್ಚಳದಿಂದ ಕೆಲವು ಮಾನಿಟರುಗಳಲ್ಲಿ ಅಕ್ಷರದ ಅಂಚು ಅಲ್ಲಲ್ಲಿ ಮಸುಕಾಗುತ್ತದೆ. ಅಷ್ಟೆಲ್ಲ ಪಟ್ಟು ಕೊನೆಗೆ ಒತ್ತಕ್ಷರ ಮಸುಕಾದರೆ ಏನು ಬಂತು? ಮಾನಿಟರ್ ತಯಾರಕರೆಲ್ಲ ಅನುಸರಿಸುವ ವೆಸಾ ಮಾನದಂಡದಲ್ಲಿ 1366×768ಕ್ಕೆಂದೇ ನಿಗದಿಯಾದ ಅಂಕಿಗಳಿವೆ. ನಾನು ಅವನ್ನೇ ಬಳಸುತ್ತೇನೆ.

ಟರ್ಮಿನಲ್ ತೆರೆದು ಮೂರು ಸಾಲುಗಳನ್ನು ಒಂದಾದ ಮೇಲೊಂದು ಕೊಡಬೇಕು. ಇಲ್ಲಿ ಕನ್ನಡದಲ್ಲಿ ಬರೆದ ಪದಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಒತ್ತಿ. ವಿಜಿಎ ಮಾತ್ರ ದೊಡ್ಡಕ್ಷರಗಳಲ್ಲಿರಲಿ. ಪದದ ಹಿಂದಿನ ಎರಡು ಅಡ್ಡಗೆರೆಗಳನ್ನು ಮರೆಯಬೇಡಿ.

ಎಕ್ಸ್‌ರಾಂಡರ್ --ನ್ಯೂಮೋಡ್ 1366 85.50 1366 1436 1579 1792 768 771 774 798 +ಎಚ್‌ಸಿಂಕ್ +ವಿಸಿಂಕ್

ಎಕ್ಸ್‌ರಾಂಡರ್ --ಆಡ್‌ಮೋಡ್ ವಿಜಿಎ-1 1366

ಎಕ್ಸ್‌ರಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ 1366

ಮೊದಲ ಸಾಲಿನಲ್ಲಿ ನ್ಯೂಮೋಡ್ ಆದಮೇಲಿನ 1366 ಒಂದು ಹೆಸರು ಮಾತ್ರ. ಅದರ ನಂತರದ 85.50 ಎಂದರೆ ಸೆಕೆಂಡಿಗೆ ಸುಮಾರು ಎಂಟೂವರೆ ಕೋಟಿ ಚುಕ್ಕಿಗಳ ವೇಗ, ಅಂದರೆ 85.5 ಮೆಗಾಹರ್ಟ್ಸ್. ಉಳಿದವು ಪ್ರತಿ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಪ್ರತಿ ಚಿತ್ರ ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ. 85.5 ಮೆಗಾಹರ್ಟ್ಸನ್ನು 1792ರಿಂದಲೂ 798ರಿಂದಲೂ ಭಾಗಿಸಿ ನೋಡಿ, 59.79 ಬರುತ್ತದೆ, ಸೆಕೆಂಡಿಗೆ ಸುಮಾರು 60 ಚಿತ್ರ ಎನ್ನುವುದು ಅಲ್ಲಿಂದ ಬಂದದ್ದು. ಒಂದಂಕಿ ತಪ್ಪಿದರೂ ಚಿತ್ರ ಪಕ್ಕಕ್ಕೆ ಸರಿಯಬಹುದು, ಅಥವಾ ಮಾನಿಟರ್ ‘ಔಟ್ ಆಫ್ ರೇಂಜ್’ ಎಂದು ಕಪ್ಪಾಗಬಹುದು. ಹಾಗಾದರೆ ಯಂತ್ರವನ್ನು ಮರುಪ್ರಾರಂಭಿಸಿ, ಹಿಂದಿನ ಸ್ಥಿತಿಗೇ ಬರುತ್ತದೆ. ಏನೂ ಶಾಶ್ವತವಾಗಿ ಉಳಿದಿರುವುದಿಲ್ಲ. ಮೂರನೆಯ ಸಾಲು ಕೊಟ್ಟು ಪರದೆ ಅಗಲವಾದ ಮೇಲೆ ಮಾನಿಟರಿನ ‘ಆಟೊ’ ಗುಂಡಿಯನ್ನು ಒಮ್ಮೆ ಒತ್ತಿ. ವಿಜಿಎ ಹಳೆಯ ರೀತಿಯ ಅನಲಾಗ್ ಸಂಕೇತವಾದ್ದರಿಂದ ಚಿತ್ರದ ಅಂಚು ಎಲ್ಲಿದೆ ಎಂದು ಮಾನಿಟರ್ ತಾನೇ ಹುಡುಕಿಕೊಳ್ಳಬೇಕು. ಬಿಳಿ ಹಿನ್ನೆಲೆಯ ಪುಟವೊಂದನ್ನು ಪೂರ್ತಿ ಪರದೆಗೆ ಹರಡಿಕೊಂಡು ಒತ್ತಿದರೆ ಅದಕ್ಕೆ ಅಂಚು ಬೇಗ ಸಿಗುತ್ತದೆ.

ಮರುಪ್ರಾರಂಭಿಸಿದಾಗಲೆಲ್ಲ ಇದನ್ನು ಮತ್ತೆ ಒತ್ತುತ್ತಾ ಕೂರುವುದು ಬೇಡ. ಮೂರೂ ಸಾಲುಗಳನ್ನು ಒಂದು ಕಡತದಲ್ಲಿ ಉಳಿಸಿ, ಮಿಂಟ್‌ನ ‘ಸ್ಟಾರ್ಟಪ್ ಅಪ್ಲಿಕೇಷನ್ಸ್’ನಲ್ಲಿ ಹೊಸ ಆಜ್ಞೆಯಾಗಿ ಸೇರಿಸಿ: ಎಸ್, ಎಚ್ ಎಂಬ ಎರಡು ಅಕ್ಷರ, ಒಂದು ಜಾಗ, ಆಮೇಲೆ ಕಡತದ ಪೂರ್ತಿ ವಿಳಾಸ. ಅಲ್ಲೇ ತಡ ಎಷ್ಟಿರಲಿ ಎಂದು ಕೇಳುವ ಜಾಗದಲ್ಲಿ 5 ಸೆಕೆಂಡ್ ಕೊಡಿ. ಹೊಸ ಕೇಬಲ್ ಬಂದ ದಿನ ಇದನ್ನು ತೆಗೆದುಹಾಕುವುದನ್ನು ಮರೆಯಬೇಡಿ. ಮರೆತರೆ, ಎರಡು ವರ್ಷದ ಮೇಲೆ ದೊಡ್ಡ ಮಾನಿಟರ್ ತಂದಾಗ ಅದೂ 1366ಕ್ಕೇ ತೆರೆದುಕೊಳ್ಳುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ.

ಇದೇ ಉಪಾಯವನ್ನು ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಹಾಕಿದವರು ಮಾಡಲು ಹೋದರೆ ಆಗದಿರಬಹುದು. ಈಗಿನ ಉಬುಂಟು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಮೇಲೆ ಓಡುತ್ತದೆ, ಅಲ್ಲಿ ಎಕ್ಸ್‌ರಾಂಡರ್ ನೋಡಿ ಹೇಳಬಲ್ಲದು, ಬದಲಿಸಲಾರದು. ಮಿಂಟ್‌ನ ಸಿನಮನ್ ಎಂಬ ಡೆಸ್ಕ್‌ಟಾಪ್ ಮಾಮೂಲಾಗಿ ಹಳೆಯ ಎಕ್ಸ್ ವ್ಯವಸ್ಥೆಯಲ್ಲೇ ಶುರುವಾಗುವುದರಿಂದ ನಿಮಗೆ ಆ ತೊಡಕಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಪರದೆಯ ಮೇಲೆ ಇದೇ ಲಕ್ಷಣ ಕಂಡು ಕಾರಣ ಬೇರೆಯಾಗಿರುವವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಕೆಲವು ಮಾತು.

ಲಿನಕ್ಸ್ ಹಾಕುವಾಗ ಪರದೆ ಕಪ್ಪಾದರೆ ಕೆಲವರು ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸುತ್ತಾರೆ, ಅಥವಾ ಯಾರೋ ಹೇಳಿದರೆಂದು ಯಂತ್ರ ಶುರುವಾಗುವಾಗ ಓದಿಕೊಳ್ಳುವ ಬೂಟ್ ಸಾಲಿನಲ್ಲಿ ನೋಮೋಡ್‌ಸೆಟ್ ಎಂಬ ಪದ ಸೇರಿಸುತ್ತಾರೆ. ‘ಗ್ರಾಫಿಕ್ಸ್ ಡ್ರೈವರೇ, ನೀನು ಸದ್ಯಕ್ಕೆ ಸುಮ್ಮನಿರು’ ಎಂದು ಹೇಳುವ ಪದ ಅದು. ಹಾಕಿಕೊಳ್ಳುವವರೆಗೆ ಉಪಕಾರಿ. ಆದರೆ ಲಿನಕ್ಸನ್ನು ಶುರುಮಾಡಿಸುವ ಗ್ರಬ್ ಎಂಬ ತಂತ್ರಾಂಶದ ಸೆಟ್ಟಿಂಗ್ ಕಡತದಲ್ಲಿ ಅದು ಉಳಿದುಹೋದರೆ ಡ್ರೈವರ್ ಎಂದೆಂದಿಗೂ ಸುಮ್ಮನೇ ಇರುತ್ತದೆ. ಪರದೆ ಒಂದೇ ರೆಸಲ್ಯೂಷನ್‌ಗೆ ಕಚ್ಚಿಕೊಳ್ಳುತ್ತದೆ, ವಿಡಿಯೊ ತಡವರಿಸುತ್ತದೆ, ಲ್ಯಾಪ್‌ಟಾಪ್ ಆದರೆ ಬೆಳಕು ಹೆಚ್ಚುಕಡಿಮೆ ಮಾಡಲೂ ಬರುವುದಿಲ್ಲ. ಆ ಪದವನ್ನು ತೆಗೆದು ಗ್ರಬ್ ನವೀಕರಿಸಿದರೆ ಎಷ್ಟೋ ಯಂತ್ರಗಳು ಸರಿಹೋಗುತ್ತವೆ.

ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಇನ್ನೊಂದು ಬಗೆಯ ಬಲೆ. ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಏರ್ಪಾಡು) ಇರುವ ಯಂತ್ರದಲ್ಲಿ ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳುತ್ತದೆ. ಮರುಪ್ರಾರಂಭಿಸಿದಾಗ ನೀಲಿ ಪರದೆಯೊಂದು ಬಂದು ಎಂಒಕೆ ಎಂಬ ಕೀಲಿಯನ್ನು ಸೇರಿಸಲೇ ಎನ್ನುತ್ತದೆ. ಅಲ್ಲಿ ‘ಎನ್‌ರೋಲ್’ ಆರಿಸಿ ಅದೇ ಗುಪ್ತಪದ ಕೊಡಬೇಕು. ನೀಲಿ ಪರದೆ ಎಂದೊಡನೆ ಹೆದರಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಹಾಕಿದಂತಿರುತ್ತದೆ, ಆದರೆ ಓಡುವುದಿಲ್ಲ. ಜೀಫೋರ್ಸ್ 8, 9ರ ಸರಣಿಯಂಥ ಬಹಳ ಹಳೆಯ ಕಾರ್ಡುಗಳಿಗೆ ಎನ್‌ವಿಡಿಯಾ ಬೆಂಬಲವನ್ನು 2019ರ ಕೊನೆಗೇ ನಿಲ್ಲಿಸಿದೆ. ಅವುಗಳಿಗೆ ಲಿನಕ್ಸ್‌ನ ಜೊತೆಗೇ ಬರುವ ನೂವೋ ಡ್ರೈವರೇ ಗತಿ, ಕಚೇರಿ ಕೆಲಸಕ್ಕೆ ಅದು ಸಾಕು.

ಲಿನಕ್ಸ್ ಬಿಡಿ, ವಿಂಡೋಸನ್ನೇ ಹೊಸದಾಗಿ ಹಾಕಿ ಪರದೆ ಹಿಗ್ಗಿದವರು ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಜವಾದ ಡ್ರೈವರ್ ಇನ್ನೂ ಬಂದಿಲ್ಲ ಎಂದರ್ಥ. ಇಂಟರ್ನೆಟ್ ಜೋಡಿಸಿ ವಿಂಡೋಸ್ ಅಪ್‌ಡೇಟ್ ನಡೆಸಿ, ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೂ ನೋಡಿ; ಸಿಗದಿದ್ದರೆ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾದ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎಂದು ಜಾಹೀರಾತು ಕೊಡುವ ತಂತ್ರಾಂಶಗಳ ಹತ್ತಿರ ಹೋಗಲೇಬೇಡಿ. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಕಂಪ್ಯೂಟರಿಗೆ ಗುರುತಿಲ್ಲದ ತಂತ್ರಾಂಶ ಹಾಕುವುದು ತಿಜೋರಿಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಮಾನಿಟರ್ ಬದಲು ಟಿವಿ ಬಳಸುವವರಿಗೆ ನಾಲ್ಕೂ ಅಂಚು ಕತ್ತರಿಸಿದಂತೆ ಕಂಡರೆ ಅದು ರೆಸಲ್ಯೂಷನ್ ದೋಷವಲ್ಲ, ಟಿವಿ ಚಿತ್ರವನ್ನು ತುಸು ಹಿಗ್ಗಿಸುತ್ತಿದೆ. ಟಿವಿಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಎಂಬಂಥ ಆಯ್ಕೆ ಇರುತ್ತದೆ.

ಕೊನೆಯದಾಗಿ ಮತ್ತೆ ನಿಮ್ಮ ಅಂಗಡಿಗೇ ಬರುತ್ತೇನೆ. 1366ಕ್ಕೆ ಮರಳಿದ ಮೇಲೆ ಅಕ್ಷರಗಳು ಈಗಿನಷ್ಟು ಅಗಲ ಇರುವುದಿಲ್ಲ, ನಾಲ್ಕಾರು ದಿನ ಚಿಕ್ಕದಾದಂತೆ ಅನ್ನಿಸಬಹುದು. ಹೆಸರು ಸರಿಯಿದೆಯೇ ನೋಡಿ ಎಂದು ನೀವು ಪರದೆ ತಿರುಗಿಸಿದಾಗ ವಯಸ್ಸಾದ ಗಿರಾಕಿಗಳು ಕಣ್ಣು ಕಿರಿದು ಮಾಡಬಹುದು. ಆಗ ರೆಸಲ್ಯೂಷನ್ ಇಳಿಸುವ ಆಲೋಚನೆ ಬರುತ್ತದೆ. ಇಳಿಸಬೇಡಿ. ಸಿಸ್ಟಂ ಸೆಟ್ಟಿಂಗ್ಸ್‌ನ ಫಾಂಟ್ ವಿಭಾಗದಲ್ಲಿ ‘ಟೆಕ್ಸ್ಟ್ ಸ್ಕೇಲಿಂಗ್ ಫ್ಯಾಕ್ಟರ್’ ಎಂಬುದಿದೆ, ಅದನ್ನು 1.0ರಿಂದ 1.2ಕ್ಕೆ ಏರಿಸಿ. ಅಕ್ಷರ ದೊಡ್ಡದಾಗುತ್ತದೆ, ಆದರೆ ಒಂದೊಂದು ಚುಕ್ಕಿಯನ್ನೂ ಬಳಸಿ ಹೊಸದಾಗಿ ಬರೆದದ್ದಾದ್ದರಿಂದ ಒತ್ತುಗಳು ಸ್ಪಷ್ಟವಾಗಿ ಉಳಿಯುತ್ತವೆ. ಬ್ರೌಸರ್‌ನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಅಧಿಕ ಚಿಹ್ನೆ ಒತ್ತಿದರೆ ಆ ತಾಣದ ಪುಟಗಳು ಮಾತ್ರ ದೊಡ್ಡದಾಗುತ್ತವೆ. ಗಿರಾಕಿ ನೋಡಿದ ಮೇಲೆ ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ.

ಕೇಬಲ್ ಬಿಚ್ಚಿದಾಗ ಅದರ ತುದಿಯ ಫೋಟೊ ತೆಗೆದು ಕಳುಹಿಸಿ, ಅಗಲ ಬದಿ ಮೇಲಿರಲಿ. ಕೆಳಗಿನ ಸಾಲಿನ ಎರಡನೆಯ ಪಿನ್ ಹೇಗಿದೆ ಎಂದು ನನಗೂ ನೋಡಬೇಕಾಗಿದೆ.